ರೊಟ್ಟಿಗೆ ಹಚ್ಚಿಕೊಳ್ಳಲು ಏನಿದೆ?

ಲೋಕಾಪುರದ ಕಡೆಯಿಂದ ಬಾಗಲಕೋಟೆಗೆ ಹೋಗುವ ಬಸ್ಸು ಕಲಾದಗಿಯಲ್ಲಿ ನಿಂತರೆ ಕಿಟಕಿಗೆ ಬರುವುದು ಚಿಕ್ಕು, ಪೇರಲ, ದಾಳಿಂಬೆಯ ಬುಟ್ಟಿಗಳು. ಘಟಪ್ರಭೆಯ ದಂಡೆಯ ಈ ಊರನ್ನು ಹೊರಗಿನವರು ಈಗ ಗುರುತಿಸುವುದು ಹಣ್ಣಿನಿಂದ. ಭೂವಿಜ್ಞಾನ ಓದಿದವರಾದರೆ ಊರಿನ ಹೆಸರು ಹೊತ್ತ ಕಲ್ಲಿನ ಪದರಗಳಿಂದ. ಆದರೆ 1864ರಿಂದ 1885ರವರೆಗೆ ಇದು ಜಿಲ್ಲಾ ಕೇಂದ್ರ. ಬಾಗಲಕೋಟೆ, ಬಾದಾಮಿ, ಹುನಗುಂದ, ಅಷ್ಟೇ ಏಕೆ, ವಿಜಾಪುರ ಕೂಡ ಕಲಾದಗಿ ಜಿಲ್ಲೆಯ ಕಾಗದಪತ್ರದೊಳಗೇ ಇದ್ದವು. ಕಚೇರಿ ವಿಜಾಪುರಕ್ಕೆ ಹೋಯಿತು, ಊರು ತೋಟದ ಊರಾಗಿ ಉಳಿಯಿತು. ಕಚೇರಿ ಇಲ್ಲಿದ್ದ ಆ ಎರಡು ದಶಕಗಳ ನಡುವೆಯೇ 1876–78ರ ಬರ ಬಂದು ಹೋಯಿತು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6.38 ಲಕ್ಷಕ್ಕೆ ಇಳಿದಿತ್ತು. ಗುಳೆ ಹೋದವರಲ್ಲಿ ಕೆಲವರು ಮರಳಲಿಲ್ಲ, ಉಳಿದಲ್ಲೇ ಸತ್ತವರು ಬಹಳ. ದಿನಸಿಯ ಬೆಲೆ ಏರಿದಾಗ ಜನ ಏನನ್ನು ಕೊಳ್ಳುತ್ತಾರೆ, ಏನನ್ನು ಬಿಡುತ್ತಾರೆ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಹೊರಡುವುದಾದರೆ ಕಲಾದಗಿಯಿಂದ ಇಳಕಲ್ಲಿನವರೆಗಿನ ದಾರಿಯಲ್ಲಿ ನೋಡಲು ಬಾದಾಮಿಯ ಗುಹೆಗಳಷ್ಟೇ ಅಲ್ಲ, ಬೇರೆಯೂ ಬಹಳಷ್ಟಿದೆ.

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಅಕ್ಕಿ, ಗೋದಿ, ಜೋಳದಂಥ ಹೊಟ್ಟೆಯ ಆಧಾರದ ಧಾನ್ಯಗಳಲ್ಲಿ ಅದು ಅಷ್ಟಾಗಿ ಇಳಿಯುವುದಿಲ್ಲ, ಹಸಿವು ಚೌಕಾಸಿಗೆ ಬಗ್ಗುವುದಿಲ್ಲ ಎಂಬುದು ಎರಡನೆಯದು. ಎರಡನೆಯದು ನಿಜ, ಆದರೆ ಅರ್ಧ ನಿಜ. ಜನ ಜೋಳ ಕೊಳ್ಳುವುದು ಕಡಿಮೆಯಾಗಿಲ್ಲ ಎಂದಮೇಲೆ ತುಟ್ಟಿ ಕಾಲ ಮನೆಯನ್ನು ಮುಟ್ಟಿಲ್ಲ ಎಂದು ಹೇಳುವವರು ರೊಟ್ಟಿಯನ್ನು ಎಣಿಸುತ್ತಾರೆಯೇ ಹೊರತು ರೊಟ್ಟಿಗೆ ಏನು ಹಚ್ಚಿಕೊಂಡಿರಿ ಎಂದು ಕೇಳುವುದಿಲ್ಲ. ನನ್ನ ವಾದ ಇಷ್ಟು: ಈ ಸೀಮೆಯಲ್ಲಿ ಧಾನ್ಯ ತುಟ್ಟಿಯಾದಾಗ ಬೇಡಿಕೆ ಕುಸಿಯುವುದು ಧಾನ್ಯದಲ್ಲಿ ಅಲ್ಲ, ಅದರ ಮಗ್ಗುಲಲ್ಲಿ. ಮೊದಲು ಬೇಳೆ, ಎಣ್ಣೆ, ಕಾಯಿಪಲ್ಯ. ಆಮೇಲೆ ಮೈಮೇಲಿನ ಅರಿವೆ. ಆ ಒತ್ತಡ ವರ್ಷಗಟ್ಟಲೆ ನಿಂತರೆ ಧಾನ್ಯವೇ ಬದಲಾಗುತ್ತದೆ. ತಟ್ಟೆಯಲ್ಲಿನ ಪ್ರಮಾಣ ಅಷ್ಟೇ ಇರುತ್ತದೆ, ತಟ್ಟೆ ಮಾತ್ರ ಮೊದಲಿನದಾಗಿರುವುದಿಲ್ಲ.

ಬರದ ಕಾಲದ ಸರ್ಕಾರಿ ತಖ್ತೆಗಳಲ್ಲಿ ಬೆಲೆಯನ್ನು ಬರೆಯುತ್ತಿದ್ದ ರೀತಿಯೇ ಬೇರೆ. ಸೇರಿಗೆ ಎಷ್ಟು ದುಡ್ಡು ಎಂದಲ್ಲ, ರೂಪಾಯಿಗೆ ಎಷ್ಟು ಸೇರು ಜೋಳ ಎಂದು. ರೂಪಾಯಿ ನಿಂತಲ್ಲೇ ನಿಂತಿರುತ್ತದೆ, ಕಾಳು ಕರಗುತ್ತ ಹೋಗುತ್ತದೆ. ಕೂಲಿಯವನ ಕಡೆಯಿಂದ ನೋಡಿದರೆ ಇದೇ ಸರಿಯಾದ ಲೆಕ್ಕ. ವೈಸ್‌ರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಒಂದು ಸೂತ್ರ ಹಾಕಿದ: ಬರ ಪರಿಹಾರದ ಕೆಲಸದಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೊಂದು ಆಣೆ. ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಮುಂಬೈ ಇಲಾಖೆಯ ಕಾಮಗಾರಿಗಳಲ್ಲಿ ಜನ ಈ ಕೂಲಿಗೆ ದುಡಿಯಲು ಒಲ್ಲೆವೆಂದು ಎದ್ದುಹೋದರು, ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್, ಧಾನ್ಯ ಇನ್ನಷ್ಟು ಬೇಕು, ಬೇಳೆಕಾಳು, ತರಕಾರಿ ಇಲ್ಲದೆ ದುಡಿಯುವ ದೇಹ ಉಳಿಯದು ಎಂದು ಹಟ ಹಿಡಿದು ವಾದಿಸಿದ. ಇಲ್ಲೊಂದು ಸೂಕ್ಷ್ಮವಿದೆ. ಟೆಂಪಲ್‌ನ ಸೂತ್ರದಲ್ಲಿ ಧಾನ್ಯದ ಪಾಲು ಬೆಲೆಯ ಜೊತೆ ಏರುತ್ತಿತ್ತು, ಆಣೆ ಮಾತ್ರ ಆಣೆಯಾಗಿಯೇ ಇತ್ತು. ಉಪ್ಪು, ಖಾರ, ಬೇಳೆ, ಸೌದೆ ಎಲ್ಲಕ್ಕೂ ಅದೊಂದೇ ಆಣೆ. ಹೊಟ್ಟೆಗೆ ಹಾಕುವುದನ್ನು ಬೆಲೆಯಿಂದ ಕಾಪಾಡಿ, ಅದಕ್ಕೆ ಹಚ್ಚಿಕೊಳ್ಳುವುದನ್ನು ಸಂತೆಯ ಕೈಗೆ ಬಿಟ್ಟ ಏರ್ಪಾಡು ಅದು. ಒಂದೂವರೆ ಶತಮಾನದ ಮೇಲೂ ನಮ್ಮ ಆಹಾರ ನೀತಿ ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿದೆ ಎಂದರೆ ಕೆಲವರಿಗೆ ಕಹಿ ಎನಿಸೀತು. ಬರವೂ ತುಟ್ಟಿಯೂ ಒಂದೇ ಅಲ್ಲ, ನಿಜ. ಆದರೆ ಎರಡರ ಬೇರೂ ಒಂದೇ ಕಡೆ ಇಳಿದಿದೆ: ಕಾಳು ಎಲ್ಲೋ ಇರುತ್ತದೆ, ಕೊಳ್ಳುವ ಕೈಯಲ್ಲಿ ಬಲ ಇರುವುದಿಲ್ಲ. ಅಮರ್ತ್ಯ ಸೇನ್ 1981ರ ಪುಸ್ತಕದಲ್ಲಿ ಬಂಗಾಳದ 1943ರ ಬರವನ್ನು ಇಟ್ಟುಕೊಂಡು ಹೇಳಿದ್ದು ಇದನ್ನೇ.

ಗದ್ದನಕೇರಿ ಕ್ರಾಸ್ ದಾಟಿದರೆ ಬಾಗಲಕೋಟೆಯ ನವನಗರ. ಹಳೆಯ ಊರಿನ ಒಂದು ಪಾಲನ್ನೂ ಸುತ್ತಲಿನ ಎರೆಹೊಲಗಳನ್ನೂ ಆಲಮಟ್ಟಿಯ ಹಿನ್ನೀರು ನುಂಗಿದೆ. ನೀರು ಬಂದ ಕಡೆ ಜೋಳದ ಜಾಗಕ್ಕೆ ಕಬ್ಬು ಬಂದಿದೆ. ಜೋಳದ ಬೆಲೆಯ ಮಾತು ಆರಂಭವಾಗಬೇಕಾದ್ದು ಇಲ್ಲಿಂದ. ಜೋಳ ಬಡವರ ಕಾಳು, ಅಕ್ಕಿ ಉಳ್ಳವರದು ಎಂಬ ಎಣಿಕೆ ಈ ಕಡೆ ಬಹುಕಾಲ ಇತ್ತು. ಅನ್ನ ಎಂದರೆ ಹಬ್ಬ, ಬೀಗರು ಬಂದ ದಿನ. ಉಳಿದೆಲ್ಲ ದಿನ ರೊಟ್ಟಿ, ನುಚ್ಚು, ಅಂಬಲಿ. ಈಗ ಬೆಲೆಗಳು ಏನು ಹೇಳುತ್ತವೆ ನೋಡಿ. 2013–14ರಲ್ಲಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 1,500 ರೂಪಾಯಿ, ಸಾಮಾನ್ಯ ಭತ್ತದ್ದು 1,310. 2024–25ಕ್ಕೆ ಜೋಳ 3,371 ಆಯಿತು, ಭತ್ತ 2,300. ಇದೇ ಅವಧಿಯಲ್ಲಿ ಕರ್ನಾಟಕದ ನರೇಗಾ ದಿನಗೂಲಿ 174ರಿಂದ 349ಕ್ಕೆ ಏರಿತು. ಹಳೆಯ ತಖ್ತೆಯವರಂತೆ ತಿರುಗಿಸಿ ಲೆಕ್ಕ ಹಾಕಿದರೆ, 2013–14ರ ಒಂದು ದಿನದ ಕೂಲಿಗೆ ಬೆಂಬಲ ಬೆಲೆಯ ದರದಲ್ಲಿ ಹನ್ನೊಂದೂವರೆ ಕಿಲೋ ಜೋಳ ಬರುತ್ತಿತ್ತು, 2024–25ರಲ್ಲಿ ಹತ್ತು ಕಿಲೋ ಚಿಲ್ಲರೆ. ಭತ್ತದ್ದು ಇದರ ತಿರುವುಮುರುವು: ಹದಿಮೂರು ಕಿಲೋದಿಂದ ಹದಿನೈದಕ್ಕೆ ಏರಿದೆ. ಇದು ಕಾಗದದ ಮೇಲಿನ ಬೆಲೆ. ಪೇಟೆಯಲ್ಲಿ ಒಳ್ಳೆಯ ಬಿಳಿಜೋಳ 2023ರ ಸುಮಾರಿಗೆ ಕ್ವಿಂಟಲಿಗೆ ಐದು ಸಾವಿರ ದಾಟಿತ್ತು. ಅಂದರೆ ಕೂಲಿಯವನ ಕೈ ಅಕ್ಕಿಯ ಮುಂದೆ ಬಲಗೊಂಡಿದೆ, ಜೋಳದ ಮುಂದೆ ಸೋತಿದೆ. ಇದರ ಮೇಲೆ ಪಡಿತರದ ಅಕ್ಕಿ ಪುಕ್ಕಟೆ. ಕೂಲಿಯವರ ಮನೆಯಲ್ಲಿ ರೊಟ್ಟಿ ಹಿಂದೆ ಸರಿದು ಅನ್ನ ಮುಂದೆ ಬಂದದ್ದಕ್ಕೆ ನಾಲಿಗೆಯ ರುಚಿಗಿಂತ ಈ ತಕ್ಕಡಿಯೇ ಹೆಚ್ಚು ಕಾರಣ.

ಪಡಿತರದ ಮಾತು ಬಂದಮೇಲೆ ದೊಡ್ಡ ಆಕ್ಷೇಪವೊಂದನ್ನು ಇಲ್ಲೇ ಎದುರಿಸಬೇಕು. 2013ರಲ್ಲಿ ರಾಜ್ಯದ ಅನ್ನಭಾಗ್ಯ ಬಂತು, 2023ರಿಂದ ಕೇಂದ್ರದ ಧಾನ್ಯವೂ ಪುಕ್ಕಟೆಯಾಯಿತು. ಹೀಗಿರುವಾಗ ಬೆಲೆ ಏರಿಕೆಯಿಂದ ಹೊಟ್ಟೆಗೇನು ಕೊರತೆ? ಕೇಂದ್ರದ 2022–23ರ ಗೃಹಬಳಕೆ ಸಮೀಕ್ಷೆಯೇ ಈ ಮಾತಿಗೆ ಸಾಕ್ಷಿ ಎನ್ನುವವರಿದ್ದಾರೆ. ಹಳ್ಳಿಗಳ ಮನೆಖರ್ಚಿನಲ್ಲಿ ಏಕದಳ ಧಾನ್ಯದ ಪಾಲು 1999–2000ದಲ್ಲಿ ಶೇ. 22ರಷ್ಟಿದ್ದದ್ದು 2022–23ಕ್ಕೆ ಶೇ. 4.91. ಜರ್ಮನಿಯ ಎರ್ನ್‌ಸ್ಟ್ ಎಂಗೆಲ್ 1857ರಲ್ಲೇ ಹೇಳಿದ್ದ, ಬದುಕು ಸುಧಾರಿಸಿದಷ್ಟೂ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ ಎಂದು. ಇದರಲ್ಲಿ ಸುಳ್ಳಿಲ್ಲ. ಹಸಿವಿನಿಂದ ಸಾಯುವ ಕಾಲ ಹಿಂದಾಯಿತು, ಅದಕ್ಕೆ ಪಡಿತರದ ಅಂಗಡಿಗೆ ಕೈ ಮುಗಿಯಬೇಕು. ಆದರೆ ಅದೇ ಸಮೀಕ್ಷೆಯಲ್ಲಿ ಹಳ್ಳಿಯವರ ಖರ್ಚಿನ ಶೇ. 46ರಷ್ಟು ಇನ್ನೂ ಊಟಕ್ಕೇ ಹೋಗುತ್ತಿತ್ತು. ಅದರಲ್ಲಿ ಐದು ತೆಗೆದರೆ ಉಳಿದ ನಲವತ್ತೊಂದು ಯಾವುದಕ್ಕೆ? ಹಾಲು, ಬೇಳೆ, ಎಣ್ಣೆ, ಕಾಯಿಪಲ್ಯ, ಮೊಟ್ಟೆ-ಮಾಂಸ, ಚಹಾ, ಅಂಗಡಿಯ ಕುರುಕಲು ತಿಂಡಿಗಳಿಗೆ. 2023ರ ಜುಲೈಯಲ್ಲಿ ದೇಶದ ಆಹಾರ ಹಣದುಬ್ಬರ ಶೇ. 11.5 ದಾಟಿದಾಗ ಅದರ ಮುಂಚೂಣಿಯಲ್ಲಿ ಇದ್ದದ್ದು ಟೊಮೆಟೊ. ಪುಕ್ಕಟೆ ಅಕ್ಕಿ ಇದ್ದ ಮನೆಗೂ ಏಟು ಬಿದ್ದದ್ದು ಸಾರಿನ ಪಾತ್ರೆಯ ಕಡೆಯಿಂದ.

ರಾಜ್ಯದಲ್ಲೇ ಇದನ್ನು ಪರೀಕ್ಷಿಸಿ ನೋಡುವ ಸಂದರ್ಭವೊಂದು ಒದಗಿತು. 2023ರ ಜುಲೈಯಲ್ಲಿ, ಅನ್ನಭಾಗ್ಯದಲ್ಲಿ ಕೊಡಬೇಕಿದ್ದ ಹೆಚ್ಚುವರಿ ಐದು ಕಿಲೋಕ್ಕೆ ಅಕ್ಕಿ ಹೊಂದಿಸಲಾಗದೆ, ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲೆಗೆ ತಿಂಗಳಿಗೆ 170 ರೂಪಾಯಿ ಖಾತೆಗೆ ಹಾಕಿತು. ದುಡ್ಡು ಕೈಗೆ ಬಂದರೆ ಬೇಕಾದ್ದನ್ನು ಕೊಳ್ಳಬಹುದು, ಜೋಳದ ಸೀಮೆಯವರು ಜೋಳವನ್ನೇ ಕೊಳ್ಳಲಿ ಎಂಬ ವಾದಕ್ಕೆ ತೂಕವಿತ್ತು. ಆದರೆ ಆ ಹಂಗಾಮಿನಲ್ಲಿ ತೊಗರಿಬೇಳೆ ಕಿಲೋಗೆ ನೂರೈವತ್ತರ ಗಡಿಯಲ್ಲಿ ನಿಂತಿತ್ತು. 170 ರೂಪಾಯಿ ಎಂದರೆ ಒಂದು ಕಿಲೋ ಬೇಳೆ, ಇಲ್ಲವೇ ಮೂರು ಕಿಲೋ ಚಿಲ್ಲರೆ ಬಿಳಿಜೋಳ. ಒಂದೂವರೆ ವರ್ಷದಲ್ಲಿ ಸಂತೆಯ ಬೆಲೆ ಎಷ್ಟೋ ಸಲ ಮೇಲೆ ಕೆಳಗೆ ಆಯಿತು, 170 ಮಾತ್ರ ಅಲ್ಲಾಡಲಿಲ್ಲ. ಟೆಂಪಲ್‌ನ ಆಣೆಯ ಗುಣವೇ ಇದು. 2025ರ ಫೆಬ್ರುವರಿಯಲ್ಲಿ ದುಡ್ಡು ನಿಂತು ಮತ್ತೆ ಅಕ್ಕಿ ಬಂತು. ಅಕ್ಟೋಬರಿನಲ್ಲಿ ಸಂಪುಟ ಆ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡುವುದೆಂದು ತೀರ್ಮಾನಿಸಿತು. ಕಿಟ್‌ಗೆ ಎಷ್ಟು ರಾಜಕೀಯ ಬಣ್ಣ ಬಳಿದರೂ ಸರಿ, ಬೇಳೆಯನ್ನು ಬೇಳೆಯಾಗಿ ತೂಗಿ ಕೊಟ್ಟರೆ ಬೆಲೆಯ ಹೊಯ್ದಾಟ ಸರ್ಕಾರದ ಹೆಗಲಿಗೆ ಬರುತ್ತದೆ, ಮನೆಯವರ ಹೆಗಲಿಂದ ಇಳಿಯುತ್ತದೆ. ನನಗೆ ಇದು ನಗದಿಗಿಂತ ನ್ಯಾಯವಾಗಿ ಕಾಣುತ್ತದೆ.  

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ, ಧಾನ್ಯ ಉಳಿದು ಅದರ ಮಗ್ಗುಲು ಕುಸಿಯುತ್ತದೆ ಎಂಬ ವಾದವನ್ನು ತಟ್ಟೆಯಲ್ಲೇ ನೋಡಬಹುದು. ದೇವಿಗೆ ಶಾಕಂಭರಿ ಎಂದೂ ಹೆಸರು. ಬರಗಾಲದಲ್ಲಿ ತನ್ನ ಮೈಯಿಂದ ಕಾಯಿಪಲ್ಯ ಹುಟ್ಟಿಸಿ ಲೋಕವನ್ನು ಸಲಹಿದವಳು. ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ ಆಕೆಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಬರಕ್ಕೆ ಉತ್ತರವಾಗಿ ಪುರಾಣ ಕಾಳು ಸುರಿಸದೆ ಕಾಯಿಪಲ್ಯ ಬೆಳೆಸಿದ್ದು ಕಾರ್ನಿಶ್‌ನಂಥ ವೈದ್ಯನಿಗೆ ಮೆಚ್ಚುಗೆಯಾಗುತ್ತಿತ್ತು. ಗುಡಿಯ ಮುಂದೆ, ಹೊಂಡದ ಸುತ್ತ, ಬುಟ್ಟಿ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಬಿಳಿ ಅರಿವೆ ಸರಿಸಿದರೆ ಒಳಗೆ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ. ಡಬ್ಬಿಗಳಲ್ಲಿ ಪುಂಡಿಪಲ್ಯ, ಮಡಕಿಕಾಳು, ಬದನಿಕಾಯಿ, ಶೇಂಗಾ ಹಿಂಡಿ, ಕೆಂಪು ಖಾರ. ಸಣ್ಣ ಕುಡಿಕೆಯಲ್ಲಿ ಕೆನೆಮೊಸರು. ಗಿರಾಕಿ ಎರಡು ರೊಟ್ಟಿ ಕೇಳುತ್ತಾನೆ, ಎರಡು ರೊಟ್ಟಿ ಸಿಗುತ್ತವೆ. ಬೆಲೆ ಏರಿದ ವರ್ಷವೂ ಎರಡೇ. ಕೈಯಾಡುವುದೆಲ್ಲ ಬೇರೆ ಕಡೆ. ರೊಟ್ಟಿ ಒಂದಿಷ್ಟು ತೆಳ್ಳಗಾಗುತ್ತದೆ, ಪಲ್ಯದ ಚಮಚ ಅರ್ಧಕ್ಕೆ ನಿಲ್ಲುತ್ತದೆ, ಕೇಳದೆಯೇ ಇಡುತ್ತಿದ್ದ ಉಳ್ಳಾಗಡ್ಡಿ ಕೇಳಿದರಷ್ಟೇ ಬರುತ್ತದೆ. ಉಳ್ಳಾಗಡ್ಡಿ ಈ ಜಿಲ್ಲೆಯದೇ ಬೆಳೆ. ಬೆಲೆ ಏರಿದರೆ 2023ರ ಡಿಸೆಂಬರಿನಲ್ಲಿ ಆದಂತೆ ರಫ್ತು ನಿಲ್ಲುತ್ತದೆ, ಬಿದ್ದರೆ ಹೊಲದಲ್ಲೇ ಕೊಳೆಯುತ್ತದೆ, ಬೆಳೆದವನ ಬುತ್ತಿಯಲ್ಲೂ ಅದರ ಪಾಲು ಬೆಲೆಗೆ ತಕ್ಕಂತೆ ಕುಗ್ಗಿ ಹಿಗ್ಗುತ್ತದೆ.

ರೊಟ್ಟಿ ಹಿಂದೆ ಸರಿದದ್ದಕ್ಕೆ ಬೆಲೆ ಕಾರಣವಲ್ಲ, ರೊಟ್ಟಿ ಬಡಿಯುವ ತೋಳು ಕಾರಣ ಎಂಬ ಮಾತು ಬರುವುದೂ ಇಲ್ಲಿಯೇ. ನಸುಕಿನಲ್ಲಿ ಎದ್ದು ಹಿಟ್ಟು ನಾದಿ, ಹೊಗೆಯ ಮುಂದೆ ಕೂತು ಮೂವತ್ತು-ನಲವತ್ತು ರೊಟ್ಟಿ ಬಡಿಯುವ ಕೆಲಸಕ್ಕೆ ಈಗಿನ ಹೆಣ್ಣುಮಕ್ಕಳು ಬೇಸತ್ತಿದ್ದಾರೆ, ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿದರೆ ಅನ್ನ ಆಯಿತು. ಶಾಲೆಯ ಬಿಸಿಯೂಟವೂ ಮಕ್ಕಳಿಗೆ ಅನ್ನ-ಸಾರು ರೂಢಿ ಮಾಡಿತು ಎಂದು ಹೇಳುವವರು ತಪ್ಪು ಹೇಳುತ್ತಿಲ್ಲ. ಆದರೆ ಆ ತೋಳಿಗೂ ಈಗ ಬೆಲೆ ಕಟ್ಟಿದೆ. ಹೊಲದ ಕೂಲಿಗೆ ಹೋದರೆ ಬರುವ ದುಡ್ಡು ಹೆಚ್ಚಿದಂತೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂಡುವ ಹೊತ್ತು ತುಟ್ಟಿಯಾಗುತ್ತದೆ. ದಿನಸಿ ತುಟ್ಟಿಯಾದ ವರ್ಷಗಳಲ್ಲಿ ಮನೆಯ ಇನ್ನೊಂದು ಜೀವ ಕೂಲಿಗೆ ಇಳಿಯಲೇಬೇಕಾದಾಗ ಒಲೆಯ ಮುಂದಿನ ಹೊತ್ತೇ ಮೊದಲು ಕಡಿತವಾಗುತ್ತದೆ. ಉಳ್ಳವರ ಮನೆಯಲ್ಲಿ ಆ ಹೊತ್ತನ್ನು ಬೇರೆಯವರಿಂದ ಕೊಳ್ಳುತ್ತಾರೆ. ಕಟಕ ರೊಟ್ಟಿ ಮಾಡಿ ಮಾರುವ ಕೇಂದ್ರಗಳು ಊರೂರಲ್ಲಿ ಎದ್ದದ್ದು, ಆ ಪೊಟ್ಟಣಗಳು ಬೆಂಗಳೂರು-ಪುಣೆಗೆ ಹೋಗುವುದು ಹೀಗೆ. ಬಡವರ ಕಾಳು ಉಳ್ಳವರ ಆರೋಗ್ಯದ ಆಹಾರವಾಯಿತು, 2023ನ್ನು ಜಗತ್ತೇ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಹೊಸ ಗಿರಾಕಿ ಬಂದ, ಬೆಳೆಯುವ ಹೊಲ ಹೆಚ್ಚಲಿಲ್ಲ.

ಪಟ್ಟದಕಲ್ಲು, ಐಹೊಳೆಗಳನ್ನು ಈ ಪ್ರಶ್ನೆ ಹೊತ್ತುಕೊಂಡು ನೋಡುವುದು ಕಷ್ಟ. ಚಾಲುಕ್ಯರ ಶಿಲ್ಪಿಗಳಿಗೆ ಕೊಟ್ಟ ಕೂಲಿಯ ಕಾಳಿನ ಲೆಕ್ಕ ಕಲ್ಲಿನ ಮೇಲೆ ಇಲ್ಲ. ಅಮೀನಗಡದಲ್ಲಿ ಕರದಂಟಿನ, ಅಂದರೆ ಬರೀ ರುಚಿಗಾಗಿ ಕೊಳ್ಳುವ ಸಿಹಿತಿಂಡಿಯ, ಅಂಗಡಿಗಳ ಮುಂದೆ ಮಾತ್ರ ಒಂದು ಮಾತು ನೆನಪಿಗೆ ಬರಬೇಕು. ಧಾನ್ಯದ ಬೆಲೆ ಏರಿದರೆ ಕಡುಬಡವರು ಅದನ್ನು ಇನ್ನೂ ಹೆಚ್ಚು ಕೊಳ್ಳುತ್ತಾರೆ, ಏಕೆಂದರೆ ಬೇರೆಲ್ಲ ರುಚಿ ಬಿಟ್ಟು ಹೊಟ್ಟೆ ತುಂಬಿಸಲು ಅದೊಂದೇ ಉಳಿಯುತ್ತದೆ ಎಂಬ ವಿಚಾರವನ್ನು ಆಲ್ಫ್ರೆಡ್ ಮಾರ್ಷಲ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಾಬರ್ಟ್ ಗಿಫೆನ್ ಹೆಸರಿನಲ್ಲಿ ಬರೆದಿಟ್ಟ. ಶತಮಾನಕ್ಕೂ ಮೇಲ್ಪಟ್ಟು ಅದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಜೆನ್ಸನ್ ಮತ್ತು ಮಿಲ್ಲರ್ ಎಂಬ ಇಬ್ಬರು ಚೀನಾದ ಹುನಾನ್ ಪ್ರಾಂತ್ಯದ ಬಡ ಮನೆಗಳಿಗೆ ಅಕ್ಕಿಯ ಮೇಲೆ ರಿಯಾಯಿತಿ ಕೊಟ್ಟು ನೋಡಿದರು. ಅಕ್ಕಿ ಅಗ್ಗವಾದಾಗ ಆ ಮನೆಗಳು ಅಕ್ಕಿ ತಿನ್ನುವುದನ್ನು ಕಡಿಮೆ ಮಾಡಿದವು. 2008ರಲ್ಲಿ ಅದು ಪ್ರಕಟವಾಯಿತು. ಈ ಸೀಮೆಯವರಿಗೆ ಇದರಲ್ಲಿ ಒಗಟೇನೂ ಇಲ್ಲ. ಬೇಳೆ, ಪಲ್ಯ ಚೆನ್ನಾಗಿದ್ದ ದಿನ ಎರಡು ರೊಟ್ಟಿಗೆ ಊಟ ಮುಗಿಯುತ್ತದೆ, ಖಾರ-ಎಣ್ಣೆಯಷ್ಟೇ ಇದ್ದ ದಿನ ನಾಲ್ಕು ಬೇಕು. ರೊಟ್ಟಿ ಹೆಚ್ಚು ಖರ್ಚಾದ ಮನೆಯನ್ನು ಉಂಡು ತೃಪ್ತವಾದ ಮನೆ ಎಂದು ಎಣಿಸಿದರೆ ಲೆಕ್ಕ ತಲೆಕೆಳಗು.

ಹುನಗುಂದದ ಎರೆಹೊಲಗಳಿಗೆ ಬಂದರೆ ರೈತರ ಕಡೆಯ ಆಕ್ಷೇಪ ಕೇಳಬೇಕಾಗುತ್ತದೆ. ಇದು ಬೆಳೆಯುವವರ ನಾಡು, ಜೋಳಕ್ಕೆ ಬೆಲೆ ಬಂದರೆ ಊರಿಗೇ ಒಳ್ಳೆಯದಲ್ಲವೇ? ಬೆಳೆದು ಮಾರುವವನಿಗೆ ಒಳ್ಳೆಯದು, ಬೆಳೆದು ಉಣ್ಣುವವನಿಗೆ ಬೆಲೆಯ ಗೊಡವೆಯೇ ಇಲ್ಲ. ಹಿಂದೆ ಈ ಎರಡನೆಯವರು ಬಹಳ ಇದ್ದರು. ಹಿಂಗಾರಿ ಜೋಳದ ರಾಶಿ ಮುಗಿದಮೇಲೆ ಕಾಳು ಹಗೇವಿಗೆ ಇಳಿಯುತ್ತಿತ್ತು. ನೆಲದಲ್ಲಿ ತೋಡಿದ ಕಣಜ. ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಚ್ಚಿದ ದೀಪ ಇಳಿಸಿ ಆರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಆಳು ಇಳಿಯುತ್ತಿದ್ದ. ಇಲ್ಲವಾದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತಿತ್ತು. ಸುಗ್ಗಿಯಲ್ಲಿ ದುಡಿದವರಿಗೂ ಕೂಲಿ ಕಾಳಿನಲ್ಲೇ ಸಲ್ಲುತ್ತಿತ್ತು, ಬಡಿಗ-ಕಮ್ಮಾರರಿಗೆ ಆಯ ಕಾಳಿನಲ್ಲೇ. ಕೂಲಿ ಕಾಳಾಗಿ ಬಂದರೆ ಕಾಳಿನ ಬೆಲೆ ಏರಿದಾಗ ಕೂಲಿಯೂ ತಾನಾಗಿ ಏರಿದಂತೆ. ಆ ವ್ಯವಸ್ಥೆಯ ಜಾತಿಯ ಕಟ್ಟು, ಜೀತದ ವಾಸನೆ ಯಾರಿಗೂ ಮರಳಿ ಬೇಡ. ಆದರೆ ಅದು ಬಿಟ್ಟುಹೋದಾಗ ತುಟ್ಟಿಯ ವಿರುದ್ಧದ ಒಂದು ಕವಚವೂ ಬಿಟ್ಟುಹೋಯಿತು. ಈಗ ಜೋಳ ಕೀಳಲು ಆಳು ತುಟ್ಟಿ, ಅದಕ್ಕೇ ಎರೆಯ ಬಹುಪಾಲು ಕಡಲೆಗೆ ತಿರುಗಿದೆ. ಕಡಲೆ ಬೆಳೆದವನು ಜೋಳ ಕೊಳ್ಳುತ್ತಾನೆ. ಎರಡು ಎಕರೆಯವನು ಸಾಲದ ಒತ್ತಡಕ್ಕೆ ಸುಗ್ಗಿಯಲ್ಲೇ ಮಾರಿ, ಮಳೆಗಾಲದಲ್ಲಿ ಹೆಚ್ಚಿನ ಬೆಲೆ ಕೊಟ್ಟು ತಾನೇ ಗಿರಾಕಿಯಾಗುತ್ತಾನೆ. ಜೋಳದ ಬೆಲೆ ಏರಿದ್ದರ ಲಾಭ ದಾಸ್ತಾನು ಮಾಡಿ ಕಾಯಬಲ್ಲವನಿಗೆ. ಜೋಳ ಕಡಿಮೆಯಾದರೆ ಅದರ ದಂಟಿನ ಮೇವು, ಕಣಿಕಿಯೂ ಕಡಿಮೆ, ಕಣಿಕಿ ತುಟ್ಟಿಯಾದರೆ ಮನೆಯ ಎಮ್ಮೆ ಸಂತೆಗೆ, ಅಲ್ಲಿಗೆ ತಟ್ಟೆಯ ಮೊಸರೂ ಹೋಯಿತು.

ಹೆದ್ದಾರಿಯ ಮೇಲೆ ದಕ್ಷಿಣಕ್ಕೆ ಸ್ವಲ್ಪ ಹೋದರೆ ಇಳಕಲ್ಲು. ಧಾನ್ಯ ತುಟ್ಟಿಯಾದಾಗ ಬೇಡಿಕೆ ಕೊನೆಗೆ ಎಲ್ಲಿ ಕುಸಿಯುತ್ತದೆ ಎಂದು ಕೇಳಿದರೆ ಇಲ್ಲಿನ ಮಗ್ಗದ ಮುಂದೆ ನಿಲ್ಲಬೇಕು. ಹತ್ತಿಯ ಒಡಲು, ರೇಷ್ಮೆಯ ಕೆಂಪು ಸೆರಗು, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವ ನೇಯ್ಗೆ, ಸೆರಗಿನ ಮೇಲೆ ಕೋಟೆಯ ತೆನೆ, ಹಣಿಗೆ, ಜೋಳದ ತೆನೆಯ ವಿನ್ಯಾಸ. ಗುಳೇದಗುಡ್ಡದ ಖಣದ್ದೂ ಇದೇ ಮನೆತನ. ಇವನ್ನು ಕೊಳ್ಳುತ್ತಿದ್ದವರು ರಾಣಿಯರಲ್ಲ, ಇದೇ ಜೋಳದ ಸೀಮೆಯ ಒಕ್ಕಲಗಿತ್ತಿಯರು. 1876ರಲ್ಲಿ ಕಾಳಿನ ಬೆಲೆ ಏರಿದಾಗ ಮೊದಲು ಕೆಲಸ ಕಳೆದುಕೊಂಡವರಲ್ಲಿ ನೇಕಾರರು ಇದ್ದರು. ಅವರ ಹತ್ತಿರ ಹೊಲವಿಲ್ಲ, ಇರುವುದು ಸೀರೆ. ಊರಿನವರ ರೂಪಾಯಿಯೆಲ್ಲ ಜೋಳಕ್ಕೆ ಹೋದಮೇಲೆ ಸೀರೆಗೆ ಗಿರಾಕಿ ಇಲ್ಲ. ಅವರಿಗೆ ಒಂದೇ ಹೊತ್ತಿಗೆ ಕಾಳು ತುಟ್ಟಿ, ತಾವು ಮಾರುವುದು ಸೋವಿ. ಇಳಕಲ್ಲ ಸೀರೆ ಸೊರಗಿದ್ದು ಪವರ್‌ಲೂಮಿನಿಂದ, ಪಾಲಿಯೆಸ್ಟರಿನಿಂದ, ದಿನಸಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಪವರ್‌ಲೂಮ್ ಅಗ್ಗದ ಸೀರೆಯನ್ನು ತಂದಿಟ್ಟಿತು, ನಿಜ. ಆದರೆ ಗಿರಾಕಿ ಅದರತ್ತ ಕೈ ಚಾಚುವಂತೆ ಮಾಡಿದ್ದು ತಿಂಗಳ ಸಂತೆಯ ಚೀಟಿ. ಜೋಳದ ಜಾಗಕ್ಕೆ ಪಡಿತರದ ಅಕ್ಕಿ ಬಂದ ಹಾಗೆಯೇ ಹತ್ತಿ-ರೇಷ್ಮೆಯ ಜಾಗಕ್ಕೆ ಅಚ್ಚು ಹಾಕಿದ ನಕಲು ಬಂತು. ಹೆಸರು ಇಳಕಲ್ಲೇ, ಸಂಖ್ಯೆಯೂ ಕಡಿಮೆಯಾಗಿಲ್ಲ. 2007ರ ಭೌಗೋಳಿಕ ಗುರುತು ಸೀರೆಯ ಹೆಸರನ್ನು ಕಾಪಾಡಬಲ್ಲದು, ಕೊಳ್ಳುವವಳ ಕೈಯಲ್ಲಿ ರೂಪಾಯಿ ಇಡಲಾರದು. ನೇಕಾರನಿಗೆ ಮಜೂರಿ ಸೀರೆಯ ಲೆಕ್ಕದಲ್ಲಿ ಬರುತ್ತದೆ, ಸಂತೆಯ ಬೆಲೆಯ ಲೆಕ್ಕದಲ್ಲಲ್ಲ. ಮಗ ಮಗ್ಗ ಬಿಟ್ಟು ಬೇರೆ ಕೂಲಿಗೆ ಹೊರಟರೆ ಅದನ್ನು ಜವಳಿ ಇಲಾಖೆ ಕೈಮಗ್ಗದ ಕುಸಿತ ಎಂದು ಬರೆದುಕೊಳ್ಳುತ್ತದೆ, ಆಹಾರ ಇಲಾಖೆ ಆ ಮನೆಯ ಪಡಿತರ ಪೂರ್ತಿ ತಲುಪಿದೆ ಎಂದು ಬರೆದುಕೊಳ್ಳುತ್ತದೆ.